ಒಂದೇ ಚೌಕದೊಳಗೆ ಅರವತ್ತಮೂರು ಮಂದಿ

ನಗರಸಭೆಯ ಹಿರಿಯ ಗುಮಾಸ್ತನೊಬ್ಬನಿಗೆ ಕಚೇರಿಯಲ್ಲಿ ‘ಕತ್ತರಿ ಸಾಹೇಬ’ ಎಂದೇ ಹೆಸರು. ಊರಿನವರು ನಗರಸಭೆಯ ಜಾಲತಾಣದಲ್ಲಿ ಬರೆಯುವ ಪರ, ವಿರೋಧದ ವಾದಗಳನ್ನು ಪರದೆಯ ಮೇಲೆ ಕೊಂಬೆಗಳಂತೆ ಹರಡಿಕೊಂಡ ಚೌಕಗಳಲ್ಲಿ ಜೋಡಿಸಿ, ಹೇಳಿದ್ದನ್ನೇ ಹೇಳಿದವರನ್ನು ಒಂದೇ ಚೌಕಕ್ಕೆ ಸೇರಿಸುವುದು ಅವನ ಕೆಲಸ. ಸಾಹೇಬರ ಕೈಗೆ ಕೊಟ್ಟರೆ ಊರ ಜಗಳವೆಲ್ಲ ಅಂಗೈಯಗಲಕ್ಕೆ ಬರುತ್ತದೆಂದು ಟೈಪಿಸ್ಟ್ ಹಾಸ್ಯ ಮಾಡುತ್ತಿದ್ದಳು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ.

ಆಸ್ಪತ್ರೆಯ ಬಾಗಿಲಿನ ಬಸ್ ನಿಲ್ದಾಣವನ್ನು ಮುಖ್ಯರಸ್ತೆಗೆ ಸರಿಸಬೇಕೆ ಎಂಬ ಪ್ರಶ್ನೆಗೆ ಅರವತ್ತಮೂರು ಆಕ್ಷೇಪಣೆಗಳು ಬಂದಿದ್ದವು. ಅಷ್ಟನ್ನೂ ಅವನು ಒಂದೇ ಮಧ್ಯಾಹ್ನದಲ್ಲಿ ‘ಪ್ರಯಾಣಿಕರಿಗೆ ಅನಾನುಕೂಲ’ ಎಂಬ ಚೌಕದೊಳಗೆ ಮಡಚಿಟ್ಟ. ಪರವಾಗಿ ಒಂಬತ್ತು ಚೌಕ, ವಿರುದ್ಧವಾಗಿ ಒಂದು. ಸದಸ್ಯರು ಚೌಕಗಳ ತಲೆಬರಹಗಳನ್ನಷ್ಟೇ ಓದಿ, ಕಾಲು ಗಂಟೆಯಲ್ಲಿ ನಿಲ್ದಾಣ ಸರಿಸಲು ಒಪ್ಪಿಬಿಟ್ಟರು.

ಆ ಸಂಜೆ ಅವನ ಅಕ್ಕ ಮೊಬೈಲು ಹಿಡಿದುಕೊಂಡು ಮನೆಗೆ ಬಂದಳು. ಪಾರ್ಶ್ವವಾಯು ಹೊಡೆದ ಮೇಲೆ ವಾರಕ್ಕೆ ಮೂರು ಸಲ ಅದೇ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗುವವಳು. ತಾನೂ ಹೆಸರು ಹಾಕದೆ ಆಕ್ಷೇಪಣೆ ಬರೆದಿದ್ದೆ, ಈಗ ಎಲ್ಲೂ ಕಾಣುತ್ತಿಲ್ಲ, ತಾನೇ ಏನೋ ತಪ್ಪು ಒತ್ತಿರಬೇಕು ಎಂದಳು. ಅವನು ಚೌಕವನ್ನು ತೆರೆದು ಕೆಳಗಿಳಿಯುತ್ತ ಹೋದ. ನಲವತ್ತೊಂದನೆಯದು ಅವಳದು: ‘ಈಗಿನ ನಿಲ್ದಾಣದಿಂದ ಬಾಗಿಲಿಗೆ ಮೂವತ್ತು ಹೆಜ್ಜೆ. ಮುಖ್ಯರಸ್ತೆಯಿಂದ ನಾನೂರು. ನಡುವೆ ಎಲ್ಲೂ ಕೂರಲು ಜಾಗವಿಲ್ಲ. ಎಡಗಾಲು ಎಳೆದುಕೊಂಡು ನಡೆದು ನೋಡಿಯೇ ಬರೆಯುತ್ತಿದ್ದೇನೆ.’

“ನೀನು ತಪ್ಪು ಒತ್ತಿಲ್ಲ, ಅಕ್ಕ. ಇದನ್ನ ಇಲ್ಲಿ ಸೇರಿಸಿದ್ದು ನಾನು.”

“ಓದಿದ್ಯಾ?”

“ಮೊದಲನೇ ಸಾಲು.”

ಅಕ್ಕ ಮೊಬೈಲನ್ನು ವಾಪಸು ತೆಗೆದುಕೊಂಡಳು. “ನನ್ನದು ಅಂತ ಗೊತ್ತಿದ್ರೆ ಬೇರೆಯಾಗಿ ಇಡ್ತಿದ್ಯೇನೋ?”

ಹೌದೆಂದರೂ ನಾಚಿಕೆಗೇಡು, ಇಲ್ಲವೆಂದರೂ ನಾಚಿಕೆಗೇಡು. ಅವನು ತಲೆ ತಗ್ಗಿಸಿ ಹೌದೆಂದ.

“ಹಾಗಾದ್ರೆ ಮಿಕ್ಕವರಿಗೂ ಕಚೇರೀಲಿ ಒಬ್ಬೊಬ್ಬ ತಮ್ಮ ಇರಬೇಕಿತ್ತು ಅನ್ನು,” ಎಂದಳು ಅಕ್ಕ. ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಅವನು ಅರವತ್ತಮೂರನ್ನೂ ಕೊನೆಯ ಸಾಲಿನವರೆಗೆ ಓದಿದ. ಒಂದಕ್ಕೊಂದು ಸಂಬಂಧವಿಲ್ಲದ ಹದಿನೇಳು ವಾದಗಳು ಅವುಗಳಲ್ಲಿದ್ದವು. ಸೇರಿಸಿದ್ದನ್ನು ಬಿಡಿಸುವಾಗ ಎಲ್ಲರಿಗೂ ಕಾಣುವಂತೆ ಕಾರಣ ಬರೆಯಬೇಕೆಂಬುದು ನಿಯಮ. ‘ತಾಂತ್ರಿಕ ದೋಷ’ ಎಂದು ಬರೆದ, ಅಳಿಸಿದ. ‘ಗುಮಾಸ್ತನು ಪೂರ್ತಿ ಓದಿರಲಿಲ್ಲ’ ಎಂದು ಬರೆದು, ಹದಿನೇಳನ್ನೂ ಬೇರೆ ಬೇರೆ ಚೌಕಗಳಲ್ಲಿಟ್ಟು, ನಿರ್ಣಯದ ಮರುಪರಿಶೀಲನೆ ಕೋರುವ ಪತ್ರದೊಂದಿಗೆ ಮೇಲಧಿಕಾರಿಯ ಕೋಣೆಗೆ ಹೋದ.

“ಹೀಗೆ ಬರೀಬೇಕಿತ್ತೇನ್ರೀ? ಊರೆಲ್ಲ ನೋಡುತ್ತೆ,” ಎಂದರು ಅವರು.

“ನೋಡಲಿ, ಸಾರ್,” ಎಂದು ಅವನು ಪತ್ರವನ್ನು ಸಹಿಗೆ ಮುಂದಿಟ್ಟ.