ಹಂದಿಯನ್ನು ಮಾತಾಡಿಸಿದ ದಿನ

ಮೊನ್ನೆ ಜಪಾನಿನ ಕಾವಾಸಾಕಿ ಸ್ಟೇಷನ್ನಿನ ಪಕ್ಕದ ಕೊಂಬಿನಿಯಲ್ಲಿ, ಅಂದರೆ ಹಗಲಿರುಳು ತೆರೆದಿರುವ ಪುಟ್ಟ ಅಂಗಡಿಯಲ್ಲಿ, ಅನ್ನದ ಡಬ್ಬಿ ಬಿಸಿ ಮಾಡಿಸಿಕೊಳ್ಳುತ್ತಿದ್ದೆ. ಓವನ್ 'ಪೀಂ' ಎಂದದ್ದೇ ತಡ, ನನ್ನ ಬಾಯಿಂದ "ನರ ಸಿಕ್ತು!" ಎಂಬ ಉದ್ಗಾರ ಹೊರಬಿತ್ತು. ಕೌಂಟರಿನ ಹುಡುಗಿ ಗಾಬರಿಯಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆಬಾಗಿದಳು. ತಪ್ಪು ಅವಳದಲ್ಲ, ಒಂದು ಹಂದಿಯದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕೊರೋನಾದ ಎರಡನೆಯ ವರ್ಷ. ಆಗ ನಾನು ಆಪರೇಷನ್ ಥಿಯೇಟರಿನ ಯಂತ್ರವೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ನಮ್ಮ ಥೈರಾಯ್ಡ್ ಗ್ರಂಥಿಯ ಹಿಂದೆಯೇ ನೂಲಿನಂಥ ಒಂದು ನರ ಹಾದುಹೋಗುತ್ತದೆ. ಗ್ರಂಥಿ ತೆಗೆಯುವಾಗ ಅದಕ್ಕೆ ಪೆಟ್ಟಾದರೆ ದನಿಯೇ ಕೆಡಬಹುದು. ಹಾಗಾಗಿ ಡಾಕ್ಟರು ಸಣ್ಣ ಕಡ್ಡಿಯಿಂದ ಅದಕ್ಕೆ ತುಸು ವಿದ್ಯುತ್ ತಾಕಿಸಿ ನೋಡುತ್ತಾರೆ. ನರ ಸಿಕ್ಕಿ, ಅದು ಸರಿಯಿದ್ದರೆ ಯಂತ್ರ 'ಪೀಂ' ಎನ್ನುತ್ತದೆ. ಆ 'ಪೀಂ' ನನ್ನ ಕೊಡುಗೆ. ಮನುಷ್ಯರಿಗಿಂತ ಮೊದಲು ಅದನ್ನು ಹಂದಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಹಂದಿಯ ಗಂಟಲು ನಮ್ಮದನ್ನು ಹೋಲುತ್ತದೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನನ್ನ ಹಾಡು ಕೇಳಿದ್ದ ಹೆಂಡತಿ ಸವಿತಾಗೆ ಆಗಲಿಲ್ಲ.

ಅದೇ ತಿಂಗಳು ಸವಿತಾಳ ಥೈರಾಯ್ಡಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕೆಂದರು.

"ನನ್ನ ದನಿ ಹೋದ್ರೆ ಏನ್ರೀ ಮಾಡೋದು?" ಎಂದಳು.

ನಾನು ನರದ ಚಿತ್ರ ಬರೆದು ಧೈರ್ಯ ಹೇಳಿದೆ. ಚಿತ್ರ ನೋಡಿ ಅವಳ ಇದ್ದಬದ್ದ ಧೈರ್ಯವೂ ಹೋಯಿತು. ಮರುದಿನ ನನ್ನ ಫೋನಿನಲ್ಲಿ ಅವಳ ಹನ್ನೊಂದು ರೆಕಾರ್ಡಿಂಗ್ ಇದ್ದವು. "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ." "ಗ್ಯಾಸ್ ಆಫ್ ಮಾಡಿದ್ರಾ?" ಇಂಥವೇ.

"ಮುಂದೆ ಬೇಕಾಗುತ್ತೆ, ದಿನಾ ಹಾಕ್ಕೊಂಡು ಕೇಳಿ," ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನಾನು ಬಚ್ಚಲಿಗೆ ಹೋಗಿ ಹನ್ನೊಂದನ್ನೂ ಒಬ್ಬನೇ ಕೇಳಿದೆ.

ಆ ವಾರವೇ ಕಾಶಿವಾ ಎಂಬ ಊರಿನ ಲ್ಯಾಬಿಗೆ, ಹಂದಿಯ ಪರೀಕ್ಷೆಗೆಂದು, ಕರೆ ಬಂತು. ಹುಟ್ಟು ಸಸ್ಯಾಹಾರಿಯಾದ ನಾನು ಹಂದಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅರಿವಳಿಕೆಯಲ್ಲಿ ಅದು ನಮ್ಮ ಮ್ಯಾನೇಜರರಿಗಿಂತ ನೆಮ್ಮದಿಯಾಗಿ ಮಲಗಿತ್ತು. ಕತ್ತರಿ ಹಿಡಿದವರು ಮೊರಿತಾ ಸಾನ್ ಎಂಬ ಮಿತಭಾಷಿ ಸರ್ಜನ್. ನಡುವೆ ಯಂತ್ರದ 'ಪೀಂ' ಇದ್ದಕ್ಕಿದ್ದಂತೆ ನಿಂತಿತು. ಐದು ಮಾಸ್ಕುಗಳು ನನ್ನತ್ತ ತಿರುಗಿದವು. ನನಗೆ ಕಂಡದ್ದು ಹಂದಿಯಲ್ಲ, ಸವಿತಾ. ಬೆವರಿನಿಂದ ನನ್ನ ಫೇಸ್‌ಶೀಲ್ಡ್ ಮಂಜಾಯಿತು. ಮೊರಿತಾ ಸಾನ್ ಶಾಂತವಾಗಿ ಹಂದಿಯ ಗಂಟಲಿನ ಟ್ಯೂಬನ್ನು ಕೊಂಚ ತಿರುಗಿಸಿದರು. 'ಪೀಂ!' ನರದ ಮಿಡಿತವನ್ನು ಯಂತ್ರಕ್ಕೆ ಮುಟ್ಟಿಸುವ ಆ ಟ್ಯೂಬ್ ಜರುಗಿತ್ತು, ಅಷ್ಟೆ.

ಆದರೂ ನಿಜವಾದ ಪರೀಕ್ಷೆ ಹಂದಿಯ ದನಿಯೇ. ಎಚ್ಚರವಾದ ಮೇಲೆ ಅದು ಕೂಗಬೇಕು. ನಾವೆಲ್ಲ ಸುತ್ತ ನಿಂತು, ಭಾಷಣಕ್ಕೆ ಕಾದವರಂತೆ ಕಾದೆವು. ಹಂದಿ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿ ಸುಮ್ಮನಾಯಿತು.

"ನೀವು ಮಾತಾಡಿಸಿ," ಎಂದರು ಮೊರಿತಾ ಸಾನ್. "ನಮ್ಮ ದನಿ ಕೇಳಿದರೆ ಇಂಜೆಕ್ಷನ್ ಅಂತ ಹೆದರುತ್ತೆ."

ಹಂದಿಯೊಡನೆ ಏನು ಮಾತಾಡುವುದು? ಬಾಯಿಗೆ ಬಂದದ್ದು ಕನ್ನಡವೇ: "ಏನಮ್ಮಾ, ತಿಂಡಿ ಆಯ್ತಾ?"

ಹಿಂದಿನ ದಿನದಿಂದ ಅದನ್ನು ಉಪವಾಸ ಕೆಡವಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಹಂದಿ ಕಿಟಕಿಯ ಗಾಜು ನಡುಗುವಂತೆ ಕಿರುಚಿತು. ಮೊರಿತಾ ಸಾನ್ ಚಪ್ಪಾಳೆ ತಟ್ಟಿ ನನಗೆ ತಲೆಬಾಗಿದರು. ನಾನು ಹಂದಿಗೆ ತಲೆಬಾಗಿದೆ.

ಎರಡು ವಾರದ ನಂತರ ಸವಿತಾಳ ಆಪರೇಷನ್. ಕೊರೋನಾದಿಂದಾಗಿ ಆಸ್ಪತ್ರೆಯೊಳಗೆ ಮನೆಯವರಿಗೆ ಪ್ರವೇಶವಿಲ್ಲ. ಸಂಜೆ ನರ್ಸ್ ಫೋನ್ ಮಾಡಿದಳು: "ಎಲ್ಲ ಸರಿಯಾಗಿದೆ. ಆದರೆ ಅವರು ಮಾತೇ ಆಡುತ್ತಿಲ್ಲ, ಚೀಟಿ ಬರೆದು ತೋರಿಸ್ತಾರೆ. ಹೆದರಿದ್ದಾರೆ. ನೀವೇ ಮಾತಾಡಿಸಿ."

ಫೋನನ್ನು ಸವಿತಾಳ ಕಿವಿಗೆ ಹಿಡಿದಳು. ಆ ಕಡೆ ಉಸಿರು ಮಾತ್ರ. ನಾನು ಕಲಿತಿಟ್ಟುಕೊಂಡಿದ್ದ ಸಮಾಧಾನದ ಮಾತೆಲ್ಲ ಮರೆತುಹೋಯಿತು.

"ಸವಿತಾ... ಸಾರು ಮಾಡ್ದೆ ಕಣೇ. ಹುಳಿ ಜಾಸ್ತಿ ಆಯ್ತು ಅಂತ ಅರ್ಧ ಡಬ್ಬಿ ಇಂಗು ಹಾಕ್ದೆ."

ಆ ಕಡೆಯಿಂದ ಒಡಕು ದನಿಯಲ್ಲಿ, ಆದರೆ ದನಿಯಲ್ಲೇ: "ಅರ್ಧ ಡಬ್ಬೀನಾ? ಮೈಸೂರಿಂದ ತಂದಿದ್ದು ರೀ ಅದು! ವಿಮಾನಾನೇ ಇಲ್ಲ, ಇನ್ನು ಯಾರು ತರ್ತಾರೆ?"

ಹಿಂದಿನಿಂದ ನರ್ಸ್ ಖುಷಿಯಲ್ಲಿ ಏನೋ ಕೂಗಿದಳು. ಸವಿತಾ ನಿಲ್ಲಿಸಲಿಲ್ಲ. ನಾನು ಸ್ಟೌವಿನ ಪಕ್ಕ ನೆಲದ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತ, ಪೂರ್ತಿ ಬೈಸಿಕೊಂಡೆ. ಇಂಗು ನಿಜವಾಗಿಯೂ ಹಾಕಿದ್ದೆ. ಆ ಸಾರನ್ನು ನನಗೇ ಉಣ್ಣಲಾಗಲಿಲ್ಲ.

ಇದನ್ನು ಬರೆಯುತ್ತಿರುವಾಗ ಸವಿತಾ ಅಡುಗೆಮನೆಯಿಂದ ಊಟಕ್ಕೆ ಕರೆಯುತ್ತಿದ್ದಾಳೆ. ಇದು ಮೂರನೆಯ ಸಲ, ದನಿ ಏರಿದೆ. ಮೊದಲನೆಯ ಸಲವೇ ನನಗೆ ಕೇಳಿಸಿತ್ತು. ಇನ್ನೊಂದು ಸಲ ಕರೆಯಲಿ ಎಂದು ಕೂತಿದ್ದೇನೆ.