ಅಂಕಿ ತೋರಿಸುವ ಡಬ್ಬಕ್ಕೆ ನಾನೇ ಬಾಯಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಸಕ್ಕರೆ ಮಿಲ್ಲಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಡಿಜಿಟಲ್ ಯುಗ ಬಂತು. ನೋಡಲು ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡ ಡಬ್ಬ. ಕಬ್ಬು ಅರೆಯುವ ಗಾಣದ ಬೇರಿಂಗು ಎಷ್ಟು ಬಿಸಿಯಾಗಿದೆಯೆಂದು ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು. ಎಂಬತ್ತು ಡಿಗ್ರಿ ದಾಟಿದರೆ ಗಾಣ ನಿಲ್ಲಿಸಿ ಎಣ್ಣೆ ಹಾಕಬೇಕು. ಇಲ್ಲದಿದ್ದರೆ ಬೇರಿಂಗು ಕಚ್ಚಿಕೊಂಡು ಎರಡು ದಿನ ಎಲ್ಲ ಬಂದ್.

ಡಬ್ಬಕ್ಕೆ ಕಣ್ಣಿತ್ತು, ಬಾಯಿರಲಿಲ್ಲ. ಬಾಯಿಯಾಗಿ ನನ್ನನ್ನು ನೇಮಿಸಿದ್ದರು. ಆಫೀಸಿನಲ್ಲಿ ಕೂತು ಅಂಕಿ ನೋಡಿ ಗಾಣದ ಬಳಿಗೆ ಫೋನು ಮಾಡುವುದು ನನ್ನ ಕೆಲಸ. ಅಷ್ಟಕ್ಕೇ ಸುಮ್ಮನಿರಲು ನನ್ನಿಂದ ಆಗಬೇಕಲ್ಲ? ಹೊತ್ತು ಹೋಗದಾಗಲೆಲ್ಲ ಇಂಜಿನಿಯರ ಮೂಗಿನ ದನಿಯಲ್ಲಿ, "ಮಿಲ್ ನಿಲ್ಸ್ರೀ, ಈಗಿಂದೀಗ್ಲೇ!" ಎನ್ನುತ್ತಿದ್ದೆ. ಆ ತುದಿಯಲ್ಲಿ ಫಿಟ್ಟರಣ್ಣ ಬಿದ್ದು ಬಿದ್ದು ನಗುತ್ತಿದ್ದ. ಗುತ್ತಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಮೂರು ಹೆಣ್ಣುಮಕ್ಕಳ ತಂದೆ. ಮೊದಲೆಲ್ಲ ಅಂಗೈ ಇಟ್ಟೇ ಬಿಸಿ ಹೇಳುತ್ತಿದ್ದವನು. ಡಬ್ಬ ಬಂದ ಮೇಲೆ ಮುಟ್ಟಕೂಡದೆಂದು ಆರ್ಡರಾಗಿ, ಅಂಗೈ ಮಾತ್ರ ರಿಟೈರಾಗಿತ್ತು.

ಒಂದು ಮಧ್ಯಾಹ್ನ ನಾನು ಟೀ ಕುಡಿದು ಬರುವಷ್ಟರಲ್ಲಿ ಇಂಜಿನಿಯರು ಡಬ್ಬದ ಮುಂದೆ ನಿಂತಿದ್ದರು. ಅಂಕಿ ತೊಂಬತ್ತು. ತಾವೇ ಫೋನೆತ್ತಿ, ತಮ್ಮದೇ ಮೂಗಿನಿಂದ, "ಮಿಲ್ ನಿಲ್ಸ್ರೀ, ಈಗಿಂದೀಗ್ಲೇ!" ಎಂದರು.

ಫಿಟ್ಟರಣ್ಣನ ಉತ್ತರ ಬಾಗಿಲಲ್ಲಿದ್ದ ನನಗೂ ಕೇಳಿತು. "ಲೇ, ಇವತ್ತು ಬೋ ಸಂದಾಗಿ ಬಂದೈತೆ ಕಣ್ಲಾ! ಅದೇ ಮೂಗು, ಅದೇ ನೆಗಡಿ! ಬುಡು, ಫೋನಿಡ್ಲಾ, ಕೆಲ್ಸ ಐತೆ."

ಇಂಜಿನಿಯರು ಓಡಿದರು. ಅವರು ತಲುಪುವ ಮೊದಲೇ ಗಾಣ ಕಿರುಚಿ ನಿಂತಿತು.

ಸಂಜೆ ಅವರ ಕೋಣೆಯಲ್ಲಿ ಫಿಟ್ಟರಣ್ಣನ ಸಸ್ಪೆಂಡ್ ಆರ್ಡರು ಟೈಪಾಗುತ್ತಿತ್ತು. ಅವನು ಇಂಜಿನಿಯರ ಬೈಗುಳವೆಲ್ಲ ತಿಂದು ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ನಾನು. "ದನಿ ಗುರ್ತು ಸಿಗ್ನಿಲ್ಲ ಸಾ, ತಪ್ಪಾಯ್ತು" ಎಂದನೇ ಹೊರತು ನನ್ನ ಹೆಸರೆತ್ತಲಿಲ್ಲ. ನನಗೋ ಆ ತಿಂಗಳೇ ಕೆಲಸ ಖಾಯಂ ಆಗುವುದಿತ್ತು. ಸೀದಾ ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದರೆ ಹೆದರಿಕೆಗೆ ನನ್ನ ದನಿ ಏಳಲಿಲ್ಲ, ನನ್ನ ಬಾಯಿಂದ ಎದ್ದದ್ದು ಇಂಜಿನಿಯರ ಮೂಗಿನ ದನಿ.

"ಆ ಫಿಟ್ಟರ್ದೇನೂ ತಪ್ಪಿಲ್ರೀ. ದಿನಾ ಹೀಗೆ ಫೋನ್ ಮಾಡ್ತಿದ್ದೋನು ನಾನು."

ಟೈಪಿಸ್ಟಮ್ಮನ ಕೈ ನಿಂತಿತು. ಇಂಜಿನಿಯರು ಅವರತ್ತ ತಿರುಗಿ, "ನಾನು ಹೀಗೆ ಮಾತಾಡ್ತೀನೇನ್ರೀ?" ಎಂದರು. ಆಕೆ ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿ ನೋಡತೊಡಗಿದರು.

ಹಾಳೆ ಹರಿದು ಹೊಸದು ಸಿಕ್ಕಿಸಿದರು. ಆರ್ಡರು ಅದೇ, ಹೆಸರು ನನ್ನದು.

ಹೊರಗೆ ಫಿಟ್ಟರಣ್ಣ ನನ್ನ ಹೆಗಲ ಮೇಲೆ ಕೈಹಾಕಿದ. "ಒಳ್ಗೆ ನಗಕ್ಕಾಗ್ದೆ ಸತ್ತೋದೆ ಕಣ್ಲಾ. ಬಾ, ಬಸ್ಸು ಬರೋಗಂಟ ಅವ್ರು ನಂಗೆ ಬೈದದ್ದ ಅವ್ರ ದನೀಲೇ ಇನ್ನೊಂದ್ಸಲ ಬೈಯಿ."