ಸುಡುಬಿಸಿಲಲ್ಲಿ ಉಣ್ಣೆ ತೊಡಿಸುವ ಭದ್ರಮ್ಮ

ಬೆಳಗಿನ ಮಂಜು ಇನ್ನೂ ಕಡಲಕೊಲ್ಲಿಯ ದಂಡೆಯ ಎಮರಿವಿಲ್‌ನ ದೋಣಿಕಟ್ಟೆ ಬಿಟ್ಟು ಎದ್ದಿಲ್ಲ. ಹುಟ್ಟು ಹಾಕುವ ಕಿರುದೋಣಿ ಕಯಾಕ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಹಿಂದೆ ಭದ್ರಮ್ಮ ಮೈ ಒದ್ದೆಯಾಗದಂತೆ ಕಾಯುವ ಡ್ರೈಸೂಟ್ ಉಡುಪೊಂದನ್ನು ದೀಪಕ್ಕೆ ಹಿಡಿದು, ನೀರು ಒಳನುಗ್ಗದಂತೆ ತಡೆಯುವ ಅದರ ರಬ್ಬರು ಕುತ್ತಿಗೆಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಾರೆ. ಕೂದಲೆಳೆಯಷ್ಟು ಸೀಳು ಕಂಡರೂ ಸೂಟು ಪಕ್ಕಕ್ಕೆ. ಅಂಟು ಹಾಕಿ, ತೇಪೆ ಒತ್ತಿ, ಒಣಗಿದ ಮೇಲೆಯೇ ಅದು ಮತ್ತೆ ಗಿರಾಕಿಯ ಕೈಗೆ.

ಹಾಸನದ ಕಡೆ ಹೊಲಿಗೆ ಕಲಿತು ಈ ಪರದೇಶಕ್ಕೆ ಬಂದ ಭದ್ರಮ್ಮನಿಗೆ ಈಗ ಅರವತ್ತರ ಹತ್ತಿರ. ಹೊಳೆದಂಡೆಯಲ್ಲಿ ಬೆಳೆದವರು, ಈಜು ಅವರಿಗೆ ನಡಿಗೆಯಷ್ಟೇ ಸಲೀಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಧೈರ್ಯವೇ ಮುಳುವಾಯಿತು. ಸೆಪ್ಟೆಂಬರಿನ ಮಟಮಟ ಮಧ್ಯಾಹ್ನ, ತೇಲಿಹೋಗುತ್ತಿದ್ದ ಕೈಗವಸು ಹಿಡಿಯಲು ಬಗ್ಗಿದವರು ಕಾಲುಜಾರಿ ಕೊಲ್ಲಿಗೆ ಬಿದ್ದರು. ಮೈಮೇಲಿದ್ದದ್ದು ಹತ್ತಿಯ ಚೂಡಿದಾರ, ಅದರ ಮೇಲೊಂದು ಲೈಫ್ ಜಾಕೆಟ್.

“ಕೂಗಾನ ಅಂತ ಬಾಯ್ ತೆಗುದ್ರೆ ಉಸ್ರು ಒಳಕ್ಕೇ ಎಳ್ಕತು, ದನಿನೇ ಬರ್ನಿಲ್ಲ. ಈಜೋಳು ನಾನು, ಕೈ ಕಾಲು ನನ್ ಮಾತೇ ಕೇಳ್ನಿಲ್ಲ,” ಎನ್ನುವಾಗ ಇಂದಿಗೂ ಅವರ ಕೈ ತಾನಾಗಿ ಎದೆಗೆ ಹೋಗುತ್ತದೆ.

ಅಂಗಡಿಯ ಮಾಲೀಕ ಅಜಯ್ ಓಡಿಬಂದು ಏಣಿ ತೋರಿಸಿದರೂ ಬೆರಳು ಮಡಚಲಿಲ್ಲ. ಜಾಕೆಟ್ಟಿನ ಪಟ್ಟಿ ಹಿಡಿದೇ ಮೇಲೆತ್ತಬೇಕಾಯಿತು. ನೆತ್ತಿ ಸುಡುವ ಬಿಸಿಲಲ್ಲಿ ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತ ಕುಳಿತಿದ್ದರು. ಇಷ್ಟು ಬೆಳಕಿನ ಕೆಳಗೆ ಅಂಥ ಕೊರೆಯುವ ತಣ್ಣೀರು ಇರಬಹುದೆಂದು ಅವರಿಗೆ ನಂಬಲಾಗಲೇ ಇಲ್ಲ.

ಅಂದಿನಿಂದ ಅವರು ಆಕಾಶ ನೋಡಿ ಯಾರಿಗೂ ಉಡುಪು ಕೊಟ್ಟಿಲ್ಲ. ಚಳಿಗಾಲಕ್ಕೆ ಡ್ರೈಸೂಟು, ಒಳಗೆ ಎರಡು ಪದರ ಉಣ್ಣೆ. ವಸಂತದಲ್ಲಿ ಹೂ ಅರಳಿತೆಂದು ಪದರ ಕಳಚಲು ಬಿಡುವುದಿಲ್ಲ. ಆಗ ಗಾಳಿ ಜೋರು, ನೀರು ಮಂಜುಗಡ್ಡೆಯ ತಂಗಿ. ಬೇಸಿಗೆಯಲ್ಲಿ ದಡದ ಹತ್ತಿರವೇ ಸುತ್ತುವವರಿಗೆ ಮೈಗಂಟುವ ದಪ್ಪ ವೆಟ್‌ಸೂಟು ಸಾಕು, ದೂರ ಹೋಗುವವರಿಗೆ ಆಗಲೂ ಡ್ರೈಸೂಟೇ. ಒದ್ದೆಯಾದರೆ ಮೈಕಾವನ್ನೇ ಹೀರುವ ಹತ್ತಿಬಟ್ಟೆ ಮಾತ್ರ ಯಾವ ಕಾಲಕ್ಕೂ ಇಲ್ಲ.

ಕಳೆದ ತಿಂಗಳು ಕ್ಯಾಂಪ್‌ಬೆಲ್ ಊರಿನಿಂದ ಬಂದ ನವ್ಯಾ ಎಂಬ ಎಂಜಿನಿಯರು, ಈ ಹೀಟಲ್ಲಿ ಇದನ್ನೆಲ್ಲ ಹಾಕಿಕೊಂಡರೆ ಬೆಂದೇ ಹೋಗುತ್ತೇನೆ ಎಂದು ರಾಗ ಎಳೆದಳು. ಭದ್ರಮ್ಮ ವಾದಿಸಲಿಲ್ಲ. ತಾವು ಬಿದ್ದ ಜಾಗ ತೋರಿಸಿ, ಉಣ್ಣೆ ತೊಡಿಸಿ, ಸೂಟಿನ ಜಿಪ್ಪು ಎಳೆದರು.

ಕೊಲ್ಲಿಯ ನಡುವೆ ಅಲೆಯೊಂದು ಅಡ್ಡ ಬಡಿದು ನವ್ಯಾಳ ಕಯಾಕ್ ಮಗುಚಿತು. ಜೊತೆಯವರು ಬಂದು ಎತ್ತುವವರೆಗೆ ಅವಳು ನೀರಲ್ಲೇ ಇದ್ದಳು. ತನ್ನ ಕಾಲ ಮೇಲೆಯೇ ನಡೆದು ಅಂಗಡಿಗೆ ಮರಳಿದವಳು ನೆಲದ ಮೇಲೆಯೇ ಕುಳಿತಳು.

“ಆಂಟಿ, ಮುಖಕ್ಕೆ ನೀರು ತಾಗಿದ್ದಕ್ಕೇ ಉಸಿರು ನಿಂತೋಯ್ತು. ಇದೇ ನೀರು ಮೈಗೆಲ್ಲ ತಾಗಿದ್ರೆ?”

ಭದ್ರಮ್ಮ ಅವಳ ಕೈಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟು ಉಜ್ಜುತ್ತ ಕುಳಿತರು.

ಈಗ ಮಂಜು ಸರಿದಿದೆ, ಗಿರಾಕಿಗಳು ಬರತೊಡಗಿದ್ದಾರೆ. ಈ ಗಿರಾಕಿಗಳ ವಿಷಯದಲ್ಲಿ ನಿಮಗೇನು ಆಸೆ ಎಂದು ಕೇಳಿದರೆ ಭದ್ರಮ್ಮ ತಲೆಯೆತ್ತದೆ ಮುಂದಿನ ಸೂಟು ಬಿಡಿಸುತ್ತಾರೆ.

“ಸೆಖೆ ಅಂತ ನನ್ನ ಬೈಕಂಡೇ ಹೋಗ್ಲಿ. ಇನ್ನೊಂದ್ಸಲ ಬೈಯೋಕೆ ವಾಪಸ್ ಬಂದ್ರೆ ಸಾಕು.”